ಬೋಧಕರ ನಾಲಿಗೆ



ಹೋದ ತಿಂಗಳು ಕುಟುಂಬ ಪ್ರಾರ್ಥನೆಯನ್ನು ಕುರಿತು ನಾವು ಬರೆದುದನ್ನು ಓದಿ ತಾಯಿಯೊಬ್ಬರು ನಮಗೆ ಪತ್ರವೊಂದನ್ನು ಕಳುಹಿಸಿರುವರು. ತಮ್ಮ ಹೆಸರನ್ನು ಹಾಕಬಾರದೆಂಬುದು ಅವರ ಅಪೇಕ್ಷೆ. ನಾವು ಹಾಕುವುದೂ ಇಲ್ಲ. ಅವರ ಮನೆಯಲ್ಲಿ ದಿನವೂ ಸಾಯಂಕಾಲ ತಪ್ಪದೆ ಪ್ರಾರ್ಥನೆ ನಡೆಯುವುದಂತೆ. ಯಜಮಾನರು ಸಭೆಯಲ್ಲಿ ಹಿರಿಯರು, ಯಾರೊಡನೆಯೂ ಜಗಳವಾಡಿದವರಲ್ಲ, ಬಯ್ಗುಳವೆಂಬುದು ಅವರ ಬಾಯಲ್ಲಿ ಬಂದುದೇ ಇಲ್ಲ. ಆದರೆ ನೆಂಟರಿಷ್ಟರು ಊಟಕ್ಕೆ ಕುಳಿತಾಗ ಸೊಸೆಯು ಮಾಡಿದ ಸಾರಿನ ಮೇಲೆಯೋ ಅವಳ ತವರೂರಿನ ಮಾತಿನ ಧಾಟಿಯ ಮೇಲೆಯೋ ಒಂದು ವಿನೋದವನ್ನಾಡದೆ ಅವರು ಕೈ ತೊಳೆಯುವುದಿಲ್ಲ. ಎಲ್ಲರೂ ನಗುತ್ತಾರೆ, ಸೊಸೆಯೂ ನಗುತ್ತಾಳೆ, ನಕ್ಕು ಅಡಿಗೆಮನೆಗೆ ಹೋಗುತ್ತಾಳೆ. "ನಮ್ಮವರು ಒಂದು ಕೆಟ್ಟ ಮಾತನ್ನೂ ಆಡಿಲ್ಲವಲ್ಲ, ಇದನ್ನು ತಪ್ಪೆನ್ನಬಹುದೆ? ಅಥವಾ ನಾನೇ ಇಲ್ಲದ್ದನ್ನು ಕಾಣುತ್ತಿರುವೆನೆ?" ಎಂದು ಆ ತಾಯಿಯು ಕೇಳಿರುವರು.

ಪತ್ರವು ಬಂದು ಮೂರು ವಾರಗಳಾದುವು. ಉತ್ತರವನ್ನು ಅಂದೇ ಬರೆದುಬಿಡಬಹುದಾಗಿತ್ತು. ನಾಲ್ಕು ಶಾಸ್ತ್ರವಚನಗಳ ಸಂಖ್ಯೆಯನ್ನು ಕೊಟ್ಟು, ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯನ್ನು ಹೇಳಿ ಮುಗಿಸುವುದು ನಮ್ಮಂಥ ಹಳೆಯ ಉಪಾಧ್ಯಾಯರಿಗೆ ಕಷ್ಟದ ಕೆಲಸವೇನೂ ಅಲ್ಲ. ಆದರೆ ಇಲ್ಲಿ ಜಗಳವೇ ಇಲ್ಲವಷ್ಟೆ! ಮಾತು ಬಲ್ಲವರಿಂದಲೇ ಬಂದ ತೊಂದರೆ ಇದು. ಅದೂ ಅಲ್ಲದೆ, ತೀರ್ಪು ಹೇಳಲು ಕುಳಿತವನು ಆ ವ್ಯಾಜ್ಯದಲ್ಲಿ ತಾನೇ ಆಪಾದಿತನೆಂಬುದನ್ನು ಕಂಡುಕೊಂಡರೆ ಲೇಖನಿಯು ಬೇಗನೆ ಓಡುವುದಿಲ್ಲ.

ನಾಲಿಗೆಯ ವಿಷಯವಾಗಿ ಕ್ರೈಸ್ತರ ಮನೆಗಳಲ್ಲಿ ಹೆಚ್ಚಾಗಿ ಓದಲ್ಪಡುವುದು ಯಾಕೋಬನ ಪತ್ರಿಕೆಯ ಮೂರನೆಯ ಅಧ್ಯಾಯ. ಕುದುರೆಯ ಬಾಯಿಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡನ್ನೇ ಸುಡುವ ಕಿಡಿ, ಒಂದೇ ಬುಗ್ಗೆಯಿಂದ ಸಿಹಿಯೂ ಕಹಿಯೂ ಹೊರಡುವ ಅಸಂಗತಿ, ಈ ಉಪಮೆಗಳನ್ನು ಅರಿಯದ ಮಕ್ಕಳಿಲ್ಲ. ಭಾನುವಾರದ ಶಾಲೆಯಲ್ಲಿ ನಾವೇ ಎಷ್ಟೋ ವರ್ಷ ಇವನ್ನು ಬಾಯಿಪಾಠ ಮಾಡಿಸಿರುವೆವು. ಆದರೆ ಆ ಅಧ್ಯಾಯವು ಕುದುರೆಯಿಂದ ಪ್ರಾರಂಭವಾಗುವುದಿಲ್ಲ. ಮೊದಲನೆಯ ವಚನದಲ್ಲಿ ಯಾಕೋಬನು, ಬೋಧಕರಾಗಬೇಕೆಂದು ಆತುರಪಡುವವರನ್ನು ತಡೆದು, ಆ ಕೆಲಸದವರಿಗೆ ಆಗುವ ವಿಚಾರಣೆಯು ಉಳಿದವರದಕ್ಕಿಂತ ಕಠಿನವಾದುದೆಂದು ಎಚ್ಚರಿಸುತ್ತಾನೆ. ನಾಲಿಗೆಯ ಮಾತು ಬರುವುದು ಅದರ ಬೆನ್ನಿಗೆ. ಅಂದಮೇಲೆ ಕಡಿವಾಣವೂ ಕಿಡಿಯೂ ಮೊದಲು ಸಲ್ಲತಕ್ಕದ್ದು ಯಾರಿಗೆ? ಸಂತೆಯಲ್ಲಿ ಕೂಗಾಡುವವನಿಗಲ್ಲ, ಪೀಠದ ಮೇಲೆ ಕುಳಿತು ಮೆಲ್ಲಗೆ ಮಾತನಾಡುವವನಿಗೆ. ಮೂವತ್ತೈದು ವರ್ಷ ಪಾಠ ಹೇಳಿದ ನಾವು ಆ ಮೊದಲನೆಯ ವಚನವನ್ನು ಪೀಠಿಕೆಯೆಂದು ಬಗೆದು ದಾಟಿಹೋಗುತ್ತಿದ್ದೆವು.

ಬೋಧಕನೆಂದರೆ ಶಾಲೆಯವನು ಮಾತ್ರವೇ ಅಲ್ಲ. ಯಾರು ಮಾತನಾಡಿದಾಗ ಎದುರಿಗಿರುವವರು ಉತ್ತರ ಕೊಡಲಾರದೆ ಕೇಳಬೇಕಾಗುವುದೋ ಅವರೆಲ್ಲರೂ ಬೋಧಕರೇ ಸರಿ. ತಂದೆ, ಮಾವ, ಅತ್ತೆ, ಅಂಗಡಿಯ ಧಣಿ, ಸಭೆಯ ಹಿರಿಯ, ಇವರ ಮಾತಿಗೆ ಮಾತಿನ ತೂಕದ ಜೊತೆಗೆ ಸ್ಥಾನದ ತೂಕವೂ ಸೇರಿಕೊಳ್ಳುತ್ತದೆ. ಸಮಾನರ ನಡುವೆ ಹಾರಿದ ವಿನೋದವು ಚೆಂಡಿನಂತೆ ಹಿಂದಿರುಗಿ ಬರುವುದು. ಮೇಲಿನಿಂದ ಕೆಳಕ್ಕೆ ಬಿದ್ದುದು ಕಲ್ಲಿನಂತೆ ಅಲ್ಲಿಯೇ ಉಳಿಯುವುದು.

ನಗುವನ್ನು ನಾವು ದೂರುತ್ತಿಲ್ಲ. ನಮ್ಮ ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ನಗುವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ಆರು ಬಗೆಯಾಗಿ ವಿಂಗಡಿಸಿ, ಮೊದಲ ಎರಡನ್ನು ಉತ್ತಮರಿಗೂ ಕೊನೆಯ ಎರಡನ್ನು ಅಧಮರಿಗೂ ಹಂಚಿದ್ದಾನೆ. ನಗದವರಿಗೆ ಅವನು ಯಾವ ಸ್ಥಾನವನ್ನೂ ಕೊಟ್ಟಿಲ್ಲ. ಪೌಲನಾದರೋ ಎಫೆಸದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಭಕ್ತರಿಗೆ ಒಪ್ಪದ ಮಾತುಗಳನ್ನು ಎಣಿಸುವಾಗ 'ಯೂತ್ರಪೆಲಿಯ' ಎಂಬ ಗ್ರೀಕ್ ಶಬ್ದವನ್ನು ಪ್ರಯೋಗಿಸಿರುವನು. ಅದರ ಅಕ್ಷರಾರ್ಥವು ಸಲೀಸಾಗಿ ತಿರುಗುವಿಕೆ ಎಂಬುದಾಗಿದೆ. ಪೌಲನಿಗಿಂತ ನಾನೂರು ವರ್ಷಗಳಷ್ಟು ಹಿಂದೆ ಅರಿಸ್ಟಾಟಲನು ಇದೇ ಶಬ್ದವನ್ನು ಸದ್ಗುಣಗಳ ಪಟ್ಟಿಯಲ್ಲಿ ಸೇರಿಸಿದ್ದನು. ಚತುರನಾದ ಸಭ್ಯನ ವಿನೋದಕ್ಕೆ ಅವನಿಟ್ಟ ಹೆಸರದು. ಒಬ್ಬ ದೊಡ್ಡವನು ಗುಣವೆಂದುದನ್ನು ಮತ್ತೊಬ್ಬನು ದೋಷವೆಂದು ಬರೆದುದೇಕೆ? ನಮಗೆ ತೋರುವುದೇನೆಂದರೆ, ಅರಿಸ್ಟಾಟಲನು ಆ ಮಾತನ್ನು ಆಡುವವನ ಕಡೆಯಿಂದ ನೋಡಿದನು. ಪೌಲನು ಅದು ಹೋಗಿ ತಗಲುವವನ ಕಡೆಯಿಂದ ನೋಡಿದನು. ಸಲೀಸಾಗಿ ತಿರುಗುವ ನಾಲಿಗೆಯು ಯಾರ ಕಡೆಗೆ ತಿರುಗುವುದೆಂಬುದೇ ಪ್ರಶ್ನೆ.

ಇನ್ನು ನಮ್ಮ ಆಪಾದನೆಯನ್ನು ಹೇಳಿಬಿಡುವೆವು.

1996ರಲ್ಲಿ ಹಳೆಯ ಮೈಸೂರು ಸೀಮೆಯ ಒಂದು ಊರಿನಲ್ಲಿ ನಾವು ಒಂಬತ್ತನೆಯ ತರಗತಿಗೆ ಕನ್ನಡ ಪಾಠ ಹೇಳುತ್ತಿದ್ದೆವು. ಅಂದಿನ ಪಾಠವು ನಳದಮಯಂತಿಯರ ಕಥೆ. ಹತ್ತಿರದ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬನನ್ನು ಎಬ್ಬಿಸಿ ಓದಲು ಹೇಳಿದೆವು. ನಮ್ಮ ಸಭೆಯವರದೇ ಮಗು, ಮೆತ್ತನೆಯ ಸ್ವಭಾವ, ಆದರೆ ಓದುವುದರಲ್ಲಿ ಆಸೆಯಿದ್ದವನು, ಕೇಳುವುದಕ್ಕೆ ಮೊದಲೇ ಪುಸ್ತಕವನ್ನು ಎತ್ತಿ ಹಿಡಿದುಕೊಂಡು ಕಾದಿದ್ದನು. ಆ ಸೀಮೆಯ ಹಳ್ಳಿಗಳಲ್ಲಿ ಹಕಾರವನ್ನು ಉಚ್ಚರಿಸುವ ವಾಡಿಕೆ ಕಡಿಮೆಯೆಂಬುದನ್ನು ವಾಚಕರು ಬಲ್ಲರು. ಹಾಲು ಅಲ್ಲಿ ಆಲು, ಹಸು ಅಲ್ಲಿ ಅಸು. ಹುಡುಗನು ಸ್ಫುಟವಾಗಿ, ಧೈರ್ಯವಾಗಿ, ನಳಮಹಾರಾಜನು ದಮಯಂತಿಯ ಬಳಿಗೆ ಒಂದು 'ಅಂಸ'ವನ್ನು ಕಳುಹಿಸಿದನೆಂದು ಓದಿದನು.

ಸಂಸ್ಕೃತದಲ್ಲಿ ಅಂಸವೆಂದರೆ ಹೆಗಲು. ಅಮರಕೋಶವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದವನ ನಾಲಿಗೆಯು ಸುಮ್ಮನಿರುವುದೆ? "ಏನಪ್ಪಾ, ಪಾಪ, ನಳನು ತನ್ನ ಹೆಗಲನ್ನು ಕಳಚಿ ಅಂಚೆಯಲ್ಲಿ ಕಳುಹಿಸಿದನೋ?" ಎಂದು ನಾವು ಕೇಳಿದೆವು. ಬಯ್ಯಲಿಲ್ಲ, ಬೆತ್ತವನ್ನು ಮುಟ್ಟಲಿಲ್ಲ, ಸ್ವರವನ್ನೂ ಏರಿಸಲಿಲ್ಲ. ಶಬ್ದಾರ್ಥವನ್ನು ಬಿಡಿಸಿ ಹೇಳಿದ ಮೇಲೆ ತರಗತಿಯು ನಕ್ಕಿತು ನೋಡಿರಿ, ಪಕ್ಕದ ಕೊಠಡಿಯ ಉಪಾಧ್ಯಾಯರು ಬಾಗಿಲಿಗೆ ಬಂದು ವಿಚಾರಿಸುವಷ್ಟು! ಆ ನಕ್ಕವರಲ್ಲಿ ಅರ್ಧ ಮಂದಿ ಮನೆಯಲ್ಲಿ ಅವನಂತೆಯೇ ಮಾತನಾಡುವವರು. ಅಂದು ರಾತ್ರಿ ಊಟಕ್ಕೆ ಕುಳಿತಾಗ ಈ ಶ್ಲೇಷವನ್ನು ನಮ್ಮ ಮನೆಯವರಿಗೂ ಹೇಳಿ ಇನ್ನೊಮ್ಮೆ ನಕ್ಕೆವೆಂಬುದನ್ನು ಬರೆಯಲು ಈಗ ಕೈ ಹಿಂಜರಿಯುತ್ತದೆ. ಅವರು ನಗಲಿಲ್ಲ, "ಮಗು ಏನು ಮಾಡಿತು?" ಎಂದಷ್ಟೇ ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ನೋಡಿರಲಿಲ್ಲ.

ಹುಡುಗರು ಅವನಿಗೆ 'ಹೆಗಲು' ಎಂದು ಹೆಸರಿಟ್ಟರು. ಅದೂ ಹಕಾರದ ಶಬ್ದವೇ ಆದುದರಿಂದ 'ಎಗಲು' ಎಂದು ಅವನ ಉಚ್ಚಾರದಲ್ಲಿಯೇ ಕೂಗಿ ಕರೆಯುವುದು ಅವರಿಗೆ ಇಮ್ಮಡಿ ಸಂತೋಷ. ಅವನು ಹಿಂದಿನ ಬೆಂಚಿಗೆ ಹೋದನು. ಹತ್ತನೆಯ ತರಗತಿಯನ್ನು ಮುಗಿಸುವವರೆಗೂ ಯಾರು ಎಬ್ಬಿಸಿದರೂ ಗಂಟಲು ಕಟ್ಟಿದೆ ಎಂದು ಸನ್ನೆಮಾಡಿ ಕುಳಿತುಬಿಡುತ್ತಿದ್ದನು. ಪರೀಕ್ಷೆಯಲ್ಲಿ ತೇರ್ಗಡೆಯಾದನಾದ್ದರಿಂದ ನಾವು ಆ ವಿಷಯವನ್ನು ಮರೆತೆವು.

ಪಂಡಿತಂಮನ್ಯತೆಯ ದೊಡ್ಡ ದೋಷವೆಂದರೆ ಅದು ತನ್ನ ಪಾಂಡಿತ್ಯವನ್ನೇ ಪೂರ್ತಿಯಾಗಿ ಉಪಯೋಗಿಸುವುದಿಲ್ಲ. ಹಳಗನ್ನಡದ ಪಾಲ್, ಪುಲಿ, ಪೂಗಳೇ ನಮ್ಮ ಹಾಲು, ಹುಲಿ, ಹೂಗಳಾದುದನ್ನು ಆ ತರಗತಿಗೇ ನಾವು ಪಾಠ ಹೇಳಿದ್ದೆವು. ಪಕಾರವು ತೇದು ಹಕಾರವಾಯಿತು. ಆ ಹುಡುಗನ ಮನೆಯವರು ಅದನ್ನು ಇನ್ನೊಂದು ಹೆಜ್ಜೆ ತೇದಿದ್ದರು, ಅಷ್ಟೆ. ಹಂಸವು ಸಂಸ್ಕೃತ ಶಬ್ದವೇ ಸರಿ, ಆದರೆ ಮಗುವಿನ ನಾಲಿಗೆಯು ತತ್ಸಮ ತದ್ಭವಗಳ ಭೇದವನ್ನು ನೋಡಿ ಹೊರಳುವುದಿಲ್ಲ. ಹತ್ತನೆಯ ಶತಮಾನದ ಪಂಪನು ಎದ್ದು ಬಂದು ನಾವು 'ಹುಲಿ' ಎನ್ನುವುದನ್ನು ಕೇಳಿದ್ದರೆ ನಮ್ಮನ್ನು ಯಾವ ಬೆಂಚಿಗೆ ಕಳುಹಿಸುತ್ತಿದ್ದನೋ!

ಉಚ್ಚಾರವನ್ನು ಹಿಡಿದು ಮನುಷ್ಯನನ್ನು ಹಿಡಿಯುವ ಆಟವು ಸತ್ಯವೇದದಷ್ಟೇ ಹಳೆಯದು. ನ್ಯಾಯಸ್ಥಾಪಕರ ಹನ್ನೆರಡನೆಯ ಅಧ್ಯಾಯದಲ್ಲಿ ಗಿಲ್ಯಾದಿನವರು ಯೊರ್ದನಿನ ಹಾಯಗಡಗಳಲ್ಲಿ ನಿಂತು, ದಾಟಬಂದವರಿಂದ 'ಷಿಬ್ಬೋಲೆತ್' ಎನ್ನಿಸಿ, 'ಸಿಬ್ಬೋಲೆತ್' ಎಂದ ಎಫ್ರಾಯಿಮ್ಯರನ್ನು ಕೊಂದರು. ಸತ್ತವರು 42,000 ಎಂದು ಅಲ್ಲಿ ಬರೆದಿದೆ. ಅದು ಕತ್ತಿಯ ಕಾಲ. ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದ ಪೇತ್ರನನ್ನು ಹಿಡಿದುಕೊಟ್ಟುದೂ ಅವನ ಮಾತಿನ ಧಾಟಿಯೇ. ಇವನು ಗಲಿಲಾಯದವನೆಂಬುದನ್ನು ಹತ್ತಿರ ನಿಂತವರು ಅವನ ಮಾತಿನಿಂದಲೇ ಕಂಡುಕೊಂಡರೆಂದು ಮತ್ತಾಯನು ಹೇಳುತ್ತಾನೆ. ಗಲಿಲಾಯದವರ ಮಾತಿನಲ್ಲಿ ಅಂಥದೇನಿತ್ತು? ಯೆಹೂದ್ಯರ ತಾಲ್ಮೂದ್ ಗ್ರಂಥದಲ್ಲಿ ಇದಕ್ಕೆ ಒಂದು ಹಾಸ್ಯದ ಕಥೆಯುಂಟು. ಗಲಿಲಾಯದವನೊಬ್ಬನು ಪೇಟೆಗೆ ಹೋಗಿ ಒಂದು ಸಾಮಾನನ್ನು ಕೇಳಿದನಂತೆ. ಗಂಟಲಿನಿಂದ ಹೊರಡುವ ಅಕ್ಷರಗಳನ್ನು ಅವನು ಒಂದೇ ರೀತಿಯಾಗಿ ನುಡಿದದ್ದರಿಂದ, ಅವನಿಗೆ ಬೇಕಾದುದು ಏರಲು ಕತ್ತೆಯೋ, ಕುಡಿಯಲು ದ್ರಾಕ್ಷಾರಸವೋ, ಉಡಲು ಉಣ್ಣೆಯೋ, ಕೊಯ್ಯಲು ಕುರಿಮರಿಯೋ ತಿಳಿಯದೆಂದು ಪೇಟೆಯವರು ಅವನನ್ನು ಮೂಢನೆಂದು ಕರೆದು ಹಾಸ್ಯಮಾಡಿದರಂತೆ.

ಇದನ್ನು ಮೊದಲ ಸಾರಿ ಓದಿದ ದಿನ ನಾವು ಪುಸ್ತಕವನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆವು. ಗಲಿಲಾಯವೆಂದರೆ ನಜರೇತಿನ ಸೀಮೆ. ನಮ್ಮ ಕರ್ತನು ಬೆಳೆದುದೂ ಮಾತು ಕಲಿತುದೂ ಆ ಜನರ ನಡುವೆಯೇ. ಯೆರೂಸಲೇಮಿನ ಶಾಸ್ತ್ರಿಗಳ ಕಿವಿಗೆ ಆತನ ಮಾತು ಹೇಗೆ ಕೇಳಿಸಿರಬಹುದೆಂಬುದನ್ನು ಅಲ್ಲಿಯವರೆಗೆ ನಾವು ಎಣಿಸಿಯೇ ಇರಲಿಲ್ಲ. ನಮ್ಮ ತರಗತಿಯಲ್ಲಿ ಕುಳಿತಿದ್ದರೆ ಆತನಿಗೆ ನಾವು ಯಾವ ಹೆಸರನ್ನು ಇಡುತ್ತಿದ್ದೆವು? ಪಂಚಾಶತ್ತಮದ ದಿನದಲ್ಲಿ ಪವಿತ್ರಾತ್ಮನು ಶಿಷ್ಯರಿಗೆ ಬೇರೆ ಬೇರೆ ಭಾಷೆಗಳನ್ನು ದಯಪಾಲಿಸಿದಾಗಲೂ ಜನರು, ಇವರೆಲ್ಲರೂ ಗಲಿಲಾಯದವರಲ್ಲವೆ ಎಂದೇ ಬೆರಗಾದರು. ಭಾಷೆಗಳು ಬಂದುವು, ಊರಿನ ಗುರುತು ಹೋಗಲಿಲ್ಲ.

ಇನ್ನೊಬ್ಬ ಉಪಾಧ್ಯಾಯರ ಸಂಗತಿಯನ್ನೂ ಹೇಳಬೇಕು. ಹಿಪ್ಪೋ ನಗರದ ಬಿಷಪರಾಗಿದ್ದ ಅಗಸ್ಟೀನರು 354ರಲ್ಲಿ ಉತ್ತರ ಆಫ್ರಿಕದ ತಗಸ್ತೆಯಲ್ಲಿ ಹುಟ್ಟಿ, ದೀಕ್ಷಾಸ್ನಾನಕ್ಕೆ ಮೊದಲು ಕಾರ್ಥೇಜ್, ರೋಮ್, ಮಿಲಾನ್ ನಗರಗಳಲ್ಲಿ ವಾಗ್ಮಿತೆಯನ್ನು ಕಲಿಸುವ ವೃತ್ತಿಯಲ್ಲಿದ್ದವರು. ಅವರ ಆಫ್ರಿಕದ ಉಚ್ಚಾರವನ್ನು ಇಟಲಿಯವರು ತಪ್ಪು ಹಿಡಿಯುತ್ತಿದ್ದರೆಂದು 386ರ ಒಂದು ಗ್ರಂಥದಲ್ಲಿ ಅವರೇ ಬರೆದುಕೊಂಡಿದ್ದಾರೆ. ಆ ನೋವನ್ನು ಉಂಡವರಾದ್ದರಿಂದಲೋ ಏನೋ, ತಮ್ಮ ಆತ್ಮಕಥೆಯಾದ ಕನ್ಫೆಷನ್ಸಿನ ಮೊದಲನೆಯ ಭಾಗದಲ್ಲಿ ಅವರು ಒಂದು ವಿಚಿತ್ರವಾದ ದೂರನ್ನು ದೇವರ ಮುಂದೆ ಇಡುತ್ತಾರೆ. ಲ್ಯಾಟಿನ್ನಿನಲ್ಲಿ ಮನುಷ್ಯನಿಗೆ 'ಹೋಮೋ' ಎಂದು ಹೆಸರು. ಅದರ ಹಕಾರವನ್ನು ನುಂಗಿ 'ಓಮೋ' ಎಂದವನನ್ನು ವಿದ್ವಾಂಸರು ಕ್ಷಮಿಸುವುದಿಲ್ಲವಂತೆ. ಅದೇ ಮನುಷ್ಯನನ್ನು ದ್ವೇಷಿಸಿದವನು ಅವರ ಕಣ್ಣಿಗೆ ಅಷ್ಟು ದೊಡ್ಡ ಅಪರಾಧಿಯಲ್ಲವಂತೆ. ಹದಿನಾರು ನೂರು ವರ್ಷಗಳ ಹಿಂದೆ, ಸಮುದ್ರದಾಚೆಯಲ್ಲಿ, ಹಕಾರದ ವಿಷಯವಾಗಿಯೇ! ನಮ್ಮ ಹೆಸರನ್ನು ಕೂಗಿ ಕರೆದಂತಾಯಿತು.

ಈ ಅಗಸ್ಟೀನರ ಊಟದ ಮೇಜನ್ನು ಪತ್ರ ಬರೆದ ತಾಯಿಯವರು ತಿಳಿದಿರಬೇಕು. ಅವರ ಆಪ್ತರಾದ ಪೊಸ್ಸಿಡಿಯಸರು ಬರೆದ ಚರಿತ್ರೆಯ ಪ್ರಕಾರ, ಇಲ್ಲದವರ ನಡತೆಯನ್ನು ಮಾತಿನಿಂದ ಕಚ್ಚುವವರಿಗೆ ಈ ಮೇಜಿನಲ್ಲಿ ಸ್ಥಳವಿಲ್ಲವೆಂಬ ಅರ್ಥದ ಪದ್ಯವನ್ನು ಅವರು ತಮ್ಮ ಮೇಜಿನ ಮೇಲೆಯೇ ಬರೆಯಿಸಿದ್ದರು. ಒಮ್ಮೆ ಅವರ ಸ್ನೇಹಿತರಾದ ಕೆಲವರು ಬಿಷಪರೇ ಊಟದ ನಡುವೆ ಈ ನಿಯಮವನ್ನು ಮರೆತಾಗ, ಅಗಸ್ಟೀನರು ಸಿಟ್ಟುಗೊಂಡು, ಒಂದೋ ಪದ್ಯವನ್ನು ಅಳಿಸಿಬಿಡಬೇಕು, ಇಲ್ಲವೆ ತಾವು ಎದ್ದು ಕೋಣೆಗೆ ಹೋಗಬೇಕು ಎಂದುಬಿಟ್ಟರು. ನೋಡಿರಿ, ಸವಿಮಾತಿಗಾಗಿ ಅವರು ಆಡಿದ್ದು ಸವಿಮಾತಲ್ಲ. ಆದರೆ ಅದು ಎದುರಿಗಿದ್ದ ದೊಡ್ಡವರಿಗೆ ಆಡಿದ ಖಾರ. ಅಲ್ಲಿಲ್ಲದ ಒಬ್ಬನನ್ನು ಕಾಯಲು ಆಡಿದ ಖಾರ.

ಕೆಲವರು ಇಲ್ಲಿ ಒಂದು ಆಕ್ಷೇಪವನ್ನು ತರುವರು: ಕರ್ತನೇ ಫರಿಸಾಯರನ್ನು ಸುಣ್ಣಬಳಿದ ಸಮಾಧಿಗಳಿಗೆ ಹೋಲಿಸಲಿಲ್ಲವೆ? ಹೋಲಿಸಿದನು. ಆದರೆ ಯಾರನ್ನು? ಜನರ ತಲೆಯ ಮೇಲೆ ಭಾರವನ್ನು ಹೊರಿಸುತ್ತಿದ್ದ ಬೋಧಕರನ್ನು. ಬಾವಿಯ ಬಳಿಯ ಸಮಾರ್ಯದ ಹೆಂಗಸನ್ನಾಗಲಿ, ಮರ ಹತ್ತಿದ ಜಕ್ಕಾಯನನ್ನಾಗಲಿ, ಮೂರು ಸಾರಿ ತನ್ನನ್ನು ಅರಿಯೆನೆಂದ ಪೇತ್ರನನ್ನಾಗಲಿ ಆತನು ಹಾಸ್ಯಮಾಡಿದ್ದನ್ನು ನಾವು ಎಲ್ಲಿಯೂ ಓದಿಲ್ಲ. ಪೇತ್ರನಿಗೆ ಸಮುದ್ರತೀರದಲ್ಲಿ ಮೊದಲು ಊಟ ಬಡಿಸಿ, ಬಳಿಕ ಮೂರು ಪ್ರಶ್ನೆಗಳನ್ನು ಕೇಳಿದನು. ಅಂಗಳದ ಆ ರಾತ್ರಿಯ ಹೆಸರನ್ನೇ ಎತ್ತಲಿಲ್ಲ.

ಹಾಗಾದರೆ ತಿದ್ದುವುದೇ ಬೇಡವೆ ಎಂದು ಉಪಾಧ್ಯಾಯರಾದವರು ಕೇಳಬಹುದು. ಬೇಕು; ಮಕ್ಕಳಿಗೆ ಹಕಾರವೂ ಬೇಕು, ಶಕಾರವೂ ಬೇಕು. ಅಪೊಸ್ತಲರ ಕೃತ್ಯಗಳ ಹದಿನೆಂಟನೆಯ ಅಧ್ಯಾಯದಲ್ಲಿ ಅಪೊಲ್ಲೋಸನೆಂಬ ದೊಡ್ಡ ವಾಗ್ಮಿಯು ಎಫೆಸದ ಸಭಾಮಂದಿರದಲ್ಲಿ ಧೈರ್ಯವಾಗಿ ಉಪದೇಶಿಸುತ್ತಾನೆ. ಅವನ ತಿಳಿವಳಿಕೆಯಲ್ಲಿ ಕೊರತೆಯಿದೆ. ಗುಡಾರ ಹೊಲಿಯುವ ಕಸುಬಿನವರಾದ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ಗಂಡಹೆಂಡಿರು ಅದನ್ನು ಕಂಡುಕೊಂಡರು. ಸಭೆಯಲ್ಲಿ ಎದ್ದು ನಿಲ್ಲಲಿಲ್ಲ. ಅವನನ್ನು ತಮ್ಮ ಬಳಿಗೆ ಕರೆದುಕೊಂಡು ಹೋಗಿ ವಿವರವಾಗಿ ತಿಳಿಸಿದರು. ಪ್ರಿಸ್ಕಿಲ್ಲಳು ಅಂದು ಅವನಿಗೆ ಬಡಿಸಿರಬೇಕೆಂದು ನಮ್ಮ ಊಹೆ. ಹಂಸದ ಹುಡುಗನನ್ನು ಗಂಟೆ ಬಾರಿಸಿದ ಮೇಲೆ ಐದು ನಿಮಿಷ ನಿಲ್ಲಿಸಿಕೊಂಡು, ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, ಉಸಿರು ತಗಲುವಂತೆ 'ಹ' ಎನ್ನಿಸಿದ್ದರೆ ಸಾಕಾಗುತ್ತಿತ್ತು. ಆ ಐದು ನಿಮಿಷ ನಮ್ಮಲ್ಲಿತ್ತು. ಆದರೆ ಅದನ್ನು ನೋಡಿ ನಗುವವರು ಯಾರೂ ಇರುತ್ತಿರಲಿಲ್ಲ.

ತಾಯಿಯವರ ಪ್ರಶ್ನೆಗೆ ನಮ್ಮ ಉತ್ತರವು ಇಷ್ಟೆ. ಹೌದು, ಅದು ತಪ್ಪು. ತಾವು ಇಲ್ಲದ್ದನ್ನು ಕಾಣುತ್ತಿಲ್ಲ. ವಿನೋದವು ಹೇಗೆ ಕೇಳಿಸಿತೆಂಬುದನ್ನು ನಕ್ಕವರಿಂದ ತಿಳಿಯಲಾಗದು. ಅಡಿಗೆಮನೆಗೆ ಹೋಗಿ ನೋಡಬೇಕು. ಸೊಸೆಯು ನಗುವುದನ್ನು ಸಾಕ್ಷಿಯಾಗಿ ಹಿಡಿಯುವಂತಿಲ್ಲ; ಮಾವನ ಮಾತಿಗೆ ನಗದೆ ಇನ್ನೇನು ಮಾಡಿಯಾಳು? ಯಜಮಾನರಿಗೆ ಇದನ್ನು ಹೇಳತಕ್ಕವರು ತಾವೇ, ಅತಿಥಿಗಳ ಮುಂದಲ್ಲ, ಏಕಾಂತದಲ್ಲಿ, ಆದರೆ ಸ್ಪಷ್ಟವಾಗಿ. ನಮ್ಮ ಮನೆಯವರು ಅಂದು ಕೇಳಿದ ಒಂದು ಪ್ರಶ್ನೆಯನ್ನು ಬೇಕಾದರೆ ಸಾಲ ಕೊಡುವೆವು. ಅದು ಕೆಲಸ ಮಾಡಲು ನಮ್ಮ ವಿಷಯದಲ್ಲಿ ಬಹಳ ವರ್ಷಗಳು ಹಿಡಿದುವೆಂಬುದನ್ನು ಮಾತ್ರ ಮರೆಮಾಚಲಾರೆವು. ಈಗ ಮೊಬೈಲಿನ ಗುಂಪುಗಳಲ್ಲಿ ಮನೆಯ ವಿನೋದಗಳು ಊರಿಗೆಲ್ಲ ಹರಡುವುದರಿಂದ ಯಜಮಾನರು ಅಲ್ಲಿಯೂ ಕೈ ಹಿಡಿಯುವುದು ಒಳ್ಳೆಯದು.

ಕಳೆದ ಸುಗ್ಗಿ ಹಬ್ಬಕ್ಕೆ ಆ ಹಳ್ಳಿಯ ಸಭೆಯವರು ನಮ್ಮನ್ನು ಕರೆದಿದ್ದರು. ಕಾಣಿಕೆಗೆಂದು ಹಿತ್ತಲಿನ ಒಂದು ಬಾಳೆಗೊನೆಯನ್ನು ತೆಗೆದುಕೊಂಡು ಹೋಗಿದ್ದೆವು. ಆರಾಧನೆಯಲ್ಲಿ ಸಭಾಪಾಲಕರು ವೇದಪಾಠವನ್ನು ಓದಲು ಎರಡನೆಯ ಸಾಲಿನಲ್ಲಿದ್ದ ಒಬ್ಬರಿಗೆ ಪುಸ್ತಕವನ್ನು ಕೊಟ್ಟರು. ಅವರು ಅದನ್ನು ಬಿಸಿಪಾತ್ರೆಯಂತೆ ಪಕ್ಕದವರಿಗೆ ದಾಟಿಸಿದರು. ಮುಖವನ್ನು ತಿರುಗಿಸಿದಾಗ ಗುರುತು ಸಿಕ್ಕಿತು. ತಲೆಯಲ್ಲಿ ನರೆ ಇಣುಕಿತ್ತು. ಕೈಯ ಸನ್ನೆಯು ಮಾತ್ರ ಒಂಬತ್ತನೆಯ ತರಗತಿಯದೇ.

ಯಜ್ಞವೇದಿಯ ಬಳಿಗೆ ಬಂದಾಗ ಸಹೋದರನಿಗೆ ನಿನ್ನ ಮೇಲೆ ದೂರಿರುವುದು ನೆನಪ್ಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಬೇಕೆಂಬುದು ಪರ್ವತಪ್ರಸಂಗದ ವಿಧಿಯಷ್ಟೆ. ನಮಗೆ ನೆನಪಾಗುವ ಹೊತ್ತಿಗೆ ಗೊನೆಯು ಹರಾಜಿಗೆ ಹೋಗಿತ್ತು. ಆರಾಧನೆ ಮುಗಿದ ಮೇಲೆ ಅವರೇ ಬಂದು ಕೈ ಮುಗಿದು, ಮನೆಗೆ ಬರಬೇಕೆಂದು ಬಲವಂತ ಮಾಡಿದರು.

ಊಟವಾಯಿತು. ನಾವು ಹೊರಡುವುದಕ್ಕೆ ಮೊದಲು ಪ್ರಾರ್ಥನೆ ಮಾಡಬೇಕೆಂದು ಮನೆಯಾಕೆಯು ಚಾಪೆ ಹಾಸಿ ಸತ್ಯವೇದವನ್ನು ತಂದಿಟ್ಟರು. ಯಜಮಾನರೇ ಓದಲಿ ಎಂದೆವು. "ಅಯ್ಯೋ, ಅವ್ರು ಓದಾಕಿಲ್ಲ ಮೇಷ್ಟ್ರೇ. ಪೇಪರ್ನೆಲ್ಲ ಮನ್ಸಲ್ಲೇ ಓದ್ಕತಾರೆ. ಗಟ್ಟಿಯಾಗಿ ಮಾತ್ರ ಓದಾಕಿಲ್ಲ. ನಾನಿಲ್ಲಾಂದ್ರೆ ಮಗಳು ಓದ್ತಾಳೆ. ಯಾಕೋ ಏನೋ, ಮದುವೆ ಆದಾಗಿಂದ ಇಂಗೇಯ" ಎಂದು ಆಕೆಯು ನಕ್ಕರು. ಆಕೆಗೆ ಕಾರಣವು ತಿಳಿಯದು. ಇಷ್ಟು ವರ್ಷ ಅವರು ಹೇಳಿಯೇ ಇರಲಿಲ್ಲ.

ನಗಿಸಿದುದು ಎಲ್ಲರ ಮುಂದೆ. ಆದುದರಿಂದ ತಪ್ಪೊಪ್ಪಿಗೆಯೂ ಹೆಂಡತಿ ಮಕ್ಕಳ ಮುಂದೆಯೇ ಆಗತಕ್ಕದ್ದೆಂದು ನಮಗೆ ತೋರಿತು. ಕಾರಣವನ್ನು ನಾವೇ ಹೇಳಿದೆವು, ಹಂಸವನ್ನೂ ಹೆಗಲನ್ನೂ ಒಂದನ್ನೂ ಬಿಡದೆ ಹೇಳಿದೆವು, ಕ್ಷಮಿಸಬೇಕೆಂದು ಕೇಳಿದೆವು. ಅರವತ್ತು ವರ್ಷದ ನಾಲಿಗೆಗೆ ಅದೆಷ್ಟು ಭಾರವಾದ ಶಬ್ದವೋ!

ಅವರು ನೆಲವನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಓಗ್ಲಿ ಬುಡಿ ಮೇಷ್ಟ್ರೇ. ನೀವು ಏಳ್ಕೊಟ್ಟ ನಳನ ಕತೆ ನಂಗಿನ್ನೂ ಗ್ಯಾಪ್ಕ ಐತೆ. ನಮ್ಮ ಮಗೀಗೂ ಏಳಿದೀನಿ" ಎಂದರು. ಆಮೇಲೆ ಮಗಳ ಕಡೆಗೆ ನೋಡಿ, ಸಣ್ಣದಾಗಿ ನಕ್ಕು, "ಆ ಅಕ್ಕಿ ಬತ್ತದಲ್ಲ, ಅದ್ನ ಮಾತ್ರ ಬಿಳೀ ಕೊಕ್ಕರೆ ಅಂತೀನಿ" ಎಂದರು.

ಹನ್ನೊಂದು ವರ್ಷದ ಆ ಹುಡುಗಿಯು ಇದನ್ನೆಲ್ಲ ಎಷ್ಟು ತಿಳಿದುಕೊಂಡಿತೋ ಅರಿಯೆವು. ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡು, ತನಗೆ ರೂಢಿಯಾದ ಇಪ್ಪತ್ತಮೂರನೆಯ ಕೀರ್ತನೆಯನ್ನು ತೆಗೆದು, ಗಟ್ಟಿಯಾಗಿ ಓದತೊಡಗಿತು. ಎರಡನೆಯ ವಚನದಲ್ಲಿ ಹಸುರುಗಾವಲು ಎಂಬ ಶಬ್ದವುಂಟು. ಮಗುವು ಅದನ್ನು 'ಅಸುರುಗಾವಲು' ಎಂದು ಓದಿತು.

ಅಸುರರ ಕಾವಲಿನಲ್ಲಿ ಬಿಟ್ಟ ಕುರಿಗಳ ಗತಿಯೇನು ಎಂಬ ಮಾತು ಪೂರ್ತಿ ವಾಕ್ಯವಾಗಿ, ವ್ಯಾಕರಣಶುದ್ಧವಾಗಿ, ನಾವು ಕರೆಯದೆಯೇ ಬಂದು ಹಲ್ಲಿನ ಹಿಂದೆ ನಿಂತಿತು. ತಂದೆಯ ದೃಷ್ಟಿಯು ಮಗಳ ಮೇಲಿರಲಿಲ್ಲ. ನಮ್ಮ ಮುಖದ ಮೇಲಿತ್ತು. ನಾವು ತಲೆಯನ್ನು ತಗ್ಗಿಸಿಕೊಂಡು ಕೇಳಿದೆವು. ಮಗುವು ಆರು ವಚನಗಳನ್ನೂ ಓದಿ ಪುಸ್ತಕವನ್ನು ಮುಚ್ಚಿ, "ತಾತ, ಇನ್ನ ನೀವು ಪ್ರಾರ್ಥನೆ ಮಾಡಿ" ಎಂದಿತು.